ತರಂಗದ ಅಂಚಿನಲ್ಲಿರುವವರ ಪರವಾಗಿ
ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನಿನ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ತಮ್ಮ ಆಯೋಗದ ಕಡತಗಳಲ್ಲಿ ಸಣ್ಣ ಮಾರ್ಪಾಟುಗಳ ವರ್ಗಕ್ಕೆ ಸೇರಿ, ಹೊರಗಿನವರ ಗಮನಕ್ಕೆ ಬಾರದೆಯೇ ಮಂಜೂರಾಗಿ ಹೋಗುವ ಅರ್ಜಿಗಳ ಪೈಕಿ ಒಂದು ಬಗೆಯನ್ನು ಕುರಿತು ಈ ಅರಿಕೆ. ಎ.ಎಂ. ರೇಡಿಯೋ ಕೇಂದ್ರವೊಂದು ತನ್ನ ಗೋಪುರಗಳ ಸಂಖ್ಯೆಯನ್ನೋ ಸ್ಥಳವನ್ನೋ, ಅವುಗಳಿಗೆ ಹರಿಯುವ ವಿದ್ಯುತ್ತಿನ ಹಂಚಿಕೆಯನ್ನೋ ಬದಲಿಸಿ, ಯಾವ ದಿಕ್ಕಿಗೆ ಎಷ್ಟು ಬಲದಿಂದ ತನ್ನ ತರಂಗಗಳು ಹೊರಡಬೇಕೆಂಬ ವಿನ್ಯಾಸವನ್ನೇ ಮಾರ್ಪಡಿಸಲು ಕೋರುವ ಅರ್ಜಿ ಅದು. ಇಂಥ ಮಾರ್ಪಾಟಿನಿಂದ ಒಂದು ದಿಕ್ಕಿನ ಊರುಗಳು ಕೇಂದ್ರವನ್ನು ಪಡೆಯುತ್ತವೆ, ಇನ್ನೊಂದು ದಿಕ್ಕಿನ ಊರುಗಳು ಕಳೆದುಕೊಳ್ಳುತ್ತವೆ. ಆದರೆ ಕಳೆದುಕೊಳ್ಳುವವರಿಗೆ ಆ ಸಂಗತಿಯನ್ನು ಮುಂದಾಗಿ ತಿಳಿಸುವ ಹೊಣೆಯನ್ನು ಯಾರೂ ಹೊತ್ತಿಲ್ಲ. ಆ ಹೊಣೆಯನ್ನು ಕೇಂದ್ರಗಳ ಮೇಲೆ ಹೊರಿಸಬೇಕೆಂಬುದೇ ನನ್ನ ಪ್ರಾರ್ಥನೆ.

ತಮಗೆ ಸಂಬೋಧಿಸಿದ ಪತ್ರವನ್ನು ಕನ್ನಡದಲ್ಲಿ ಬರೆದು ಪ್ರಕಟಿಸಲು ಕಾರಣವಿದೆ. ಭಾರತದಿಂದ ಬಂದು ಈ ದೇಶದಲ್ಲಿ ನೆಲೆಸಿದ ನಮ್ಮಂಥವರಿಗೆ ತಾಯ್ನಾಡಿನ ಭಾಷೆಗಳೂ ಹಾಡುಗಳೂ ರೇಡಿಯೋದಲ್ಲಿ ಕೇಳಿಬಂದದ್ದು ಬಹುಮಟ್ಟಿಗೆ ಎ.ಎಂ. ಪಟ್ಟಿಯಲ್ಲಿಯೇ. ಸ್ಯಾನ್ ಹೋಸೆಯ 1170ರಲ್ಲಿ 'ದೇಸಿ' ಎಂಬ ಹೆಸರಿನಿಂದ ನಡೆದ ಕೇಂದ್ರದಿಂದ ಮೊದಲ್ಗೊಂಡು, ವಾರಕ್ಕೊಂದೆರಡು ಗಂಟೆ ಸಮಯವನ್ನು ಬಾಡಿಗೆಗೆ ಪಡೆದು ನಡೆಯುವ ಸಣ್ಣ ಕಾರ್ಯಕ್ರಮಗಳ ವರೆಗೆ, ಹೊಸಬರಿಗೆ ಕೈಗೆಟುಕಿದ ಆಕಾಶವೆಂದರೆ ಇದೇ. ಈ ಶ್ರೋತೃಗಳಾದರೋ ನಗರದ ನಡುವೆ ಕೂಡಿ ಬಾಳುವವರಲ್ಲ, ದೂರದ ಉಪನಗರಗಳಲ್ಲಿ ಚದುರಿ ಹೋದವರು; ಆದಕಾರಣ ಕೇಂದ್ರದ ವ್ಯಾಪ್ತಿ ಒಂದು ಮಗ್ಗುಲಿನಿಂದ ಕುಗ್ಗಿದಾಗ ಅದರ ಪೆಟ್ಟು ಮೊದಲು ತಾಗುವುದು ಇವರಿಗೆ. ಇದು ಹೇಗಾಗುತ್ತದೆಂಬುದನ್ನು ಅವರೂ ಅರಿಯಲೆಂದು, ತಮಗೆ ತಿಳಿದಿರುವ ವಿಷಯವನ್ನೇ ಸ್ವಲ್ಪ ವಿಸ್ತರಿಸುತ್ತೇನೆ, ಮನ್ನಿಸಬೇಕು.

ಎ.ಎಂ. ಪ್ರಸಾರದಲ್ಲಿ ಗೋಪುರವೆಂಬುದು ಆಂಟೆನಾವನ್ನು ಹೊತ್ತು ನಿಂತ ಕಂಬವಲ್ಲ, ಗೋಪುರವೇ ಆಂಟೆನಾ. ಒಂಟಿ ಗೋಪುರವು ಎಂಟು ದಿಕ್ಕಿಗೂ ಸಮನಾಗಿ ತರಂಗಗಳನ್ನು ಹರಡುತ್ತದೆ. ಅದರ ಪಕ್ಕದಲ್ಲಿ ಮತ್ತೊಂದನ್ನು ನಿಲ್ಲಿಸಿ, ಎರಡಕ್ಕೂ ಹರಿಯುವ ವಿದ್ಯುತ್ತಿನ ಪ್ರಮಾಣವನ್ನೂ ಕಾಲಾಂತರವನ್ನೂ ನಿಯಮಿಸಿದರೆ ಆ ಸಮತೆ ಮುರಿಯುತ್ತದೆ. 1000 ಕಿಲೋಹರ್ಟ್ಸ್‌ನ ಕೇಂದ್ರವೊಂದರ ತರಂಗದ ಉದ್ದ 300 ಮೀಟರು. ಅದರ ಕಾಲು ಭಾಗವಾದ 75 ಮೀಟರು ಅಂತರದಲ್ಲಿ ಎರಡು ಗೋಪುರಗಳಿದ್ದು, ಎರಡನೆಯದಕ್ಕೆ ವಿದ್ಯುತ್ತು ಕಾಲು ಆವರ್ತದಷ್ಟು ತಡವಾಗಿ ತಲಪುವಂತೆ ಮಾಡಿದರೆ, ಮೊದಲನೆಯದರಿಂದ ಎರಡನೆಯದರ ಕಡೆಗೆ ಸಾಗುವ ದಿಕ್ಕಿನಲ್ಲಿ ಎರಡೂ ತರಂಗಗಳು ಹೆಜ್ಜೆಗೂಡಿ ಬಲಿಯುತ್ತವೆ. ಅದಕ್ಕೆದುರಾದ ದಿಕ್ಕಿನಲ್ಲಿ ಪಯಣದ ಕಾಲು ಆವರ್ತವೂ ತಡದ ಕಾಲು ಆವರ್ತವೂ ಸೇರಿ ಅರ್ಧ ಆವರ್ತವಾಗಿ, ಒಂದರ ಏರಿಗೆ ಇನ್ನೊಂದರ ಇಳಿತವು ಎದುರಾಗಿ, ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಗೋಪುರಗಳು ಮೂರೋ ನಾಲ್ಕೋ ಆರೋ ಆದಂತೆ ಈ ವಿನ್ಯಾಸವನ್ನು ಬೇಕಾದ ಕಡೆ ಉಬ್ಬಿಸಬಹುದು, ಬೇಡವಾದ ಕಡೆ ತಗ್ಗಿಸಬಹುದು. ಆದರೆ ಇದರಿಂದ ಹೊಸ ಶಕ್ತಿಯೇನೂ ಹುಟ್ಟುವುದಿಲ್ಲ: ಕೆರೆಯ ನೀರನ್ನು ಮೂಡಲ ತೂಬಿಗೆ ತಿರುಗಿಸಿದರೆ ಪಡುವಲ ಗದ್ದೆ ಒಣಗುವುದು ಹೇಗೋ ಹಾಗೆ, ಒಂದು ದಿಕ್ಕಿಗೆ ಕೂಡಿಸಿದ್ದು ಇನ್ನೊಂದು ದಿಕ್ಕಿನಿಂದ ಕಳೆದದ್ದೇ ಆಗಿರುತ್ತದೆ.

ಈ ವಿದ್ಯೆ ಹುಟ್ಟಿದ್ದು ನೆರೆಯವನ ಹಿತರಕ್ಷಣೆಗಾಗಿಯೇ ಎಂಬುದನ್ನು ಇಲ್ಲಿ ಸ್ಮರಿಸಬೇಕು. ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯ ಕೇಂದ್ರವೂ ವಿಸ್ಕಾನ್ಸಿನ್ನಿನ ಮಿಲ್ವಾಕಿಯ ಕೇಂದ್ರವೂ 620 ಕಿಲೋಹರ್ಟ್ಸ್ ಎಂಬ ಒಂದೇ ಕಂಪನಾಂಕದಲ್ಲಿ ನುಡಿಯುತ್ತ ಪರಸ್ಪರ ತೊಡಕಾದಾಗ, ರೇಮಂಡ್ ವಿಲ್ಮಾಟ್ ಎಂಬ ಎಂಜಿನಿಯರು 1932ರಲ್ಲಿ ಟ್ಯಾಂಪಾದ ತರಂಗಗಳು ಮಿಲ್ವಾಕಿಯ ಕಡೆಗೆ ಕುಗ್ಗುವಂತೆ ಎರಡು ಗೋಪುರಗಳ ವ್ಯವಸ್ಥೆಯನ್ನು ರಚಿಸಿಕೊಟ್ಟನು. ನಾನು ವಾಸವಾಗಿರುವ ಓಹಾಯೋದ ಉದಾಹರಣೆ ಇನ್ನೂ ದೊಡ್ಡದು. ಸಿನ್ಸಿನಾಟಿಯ ಡಬ್ಲ್ಯೂ.ಎಲ್.ಡಬ್ಲ್ಯೂ. ಕೇಂದ್ರವು 1934ರ ಮೇ ತಿಂಗಳಿನಲ್ಲಿ, ಅಧ್ಯಕ್ಷ ರೂಸ್‌ವೆಲ್ಟರು ಶ್ವೇತಭವನದಲ್ಲಿ ಕೀಲಿಯೊಂದನ್ನು ಒತ್ತಿ ಚಾಲನೆ ಕೊಟ್ಟ ಮೇಲೆ, ಮೇಸನ್ ಎಂಬ ಊರಿನ ಗೋಪುರದಿಂದ 500 ಕಿಲೋವಾಟಿನ ಬಲದಲ್ಲಿ ಪ್ರಸಾರಮಾಡತೊಡಗಿತು. ಇರುಳಿನ ವೇಳೆ ಅದರ 700 ಕಿಲೋಹರ್ಟ್ಸ್‌ನ ಆರ್ಭಟದಲ್ಲಿ, ಕೆನಡಾದ ಟೊರಾಂಟೋ ನಗರದಿಂದ 690ರಲ್ಲಿ ನುಡಿಯುತ್ತಿದ್ದ ಸಿ.ಎಫ್.ಆರ್.ಬಿ. ಕೇಂದ್ರ ಕೇಳದಂತಾಯಿತು. ದೂರು ಬಂದಾಗ, ಆಗತಾನೇ ಸ್ಥಾಪಿತವಾಗಿದ್ದ ತಮ್ಮ ಆಯೋಗವು ರಾತ್ರಿಯ ಬಲವನ್ನು 50 ಕಿಲೋವಾಟಿಗೆ ಇಳಿಸುವಂತೆ ಆಜ್ಞೆಮಾಡಿತು. ಕೇಂದ್ರದವರು ಇನ್ನೆರಡು ಕಿರುಗೋಪುರಗಳನ್ನು ಎತ್ತಿ, ನಯಾಗರಾ ಸೀಮೆಯ ಕಡೆಗೆ ತರಂಗಗಳನ್ನು ತಗ್ಗಿಸಿದ ಮೇಲೆಯೇ 1935ರಲ್ಲಿ ಮತ್ತೆ ಇರುಳಿನಲ್ಲಿಯೂ ಪೂರ್ಣ ಬಲವನ್ನು ಬಳಸಲು ಅನುಮತಿ ದೊರೆಯಿತು. ಗಡಿಯಾಚೆಯ ಶ್ರೋತೃವಿನ ದೂರನ್ನು ಕೇಳಿ, ಒಳನಾಡಿನ ಅತ್ಯಂತ ಬಲಿಷ್ಠ ಕೇಂದ್ರಕ್ಕೆ ಕಡಿವಾಣ ಹಾಕಿದ ಆಯೋಗದ ಪೀಠದಲ್ಲಿಯೇ ತಾವು ಕುಳಿತಿದ್ದೀರಿ.

ಇರುಳಿನ ವಿಷಯವಾಗಿ ಎರಡು ಮಾತು ಅವಶ್ಯಕ. ಹಗಲಿನಲ್ಲಿ ಎ.ಎಂ. ತರಂಗಗಳು ನೆಲವನ್ನು ಹಿಡಿದೇ ಸಾಗುತ್ತವೆ. ಮೇಲಕ್ಕೆ ಹೋದದ್ದನ್ನು ಅಯಾನುಮಂಡಲದ ಕೆಳಪದರವು ನುಂಗಿಬಿಡುತ್ತದೆ. ಸೂರ್ಯನು ಮುಳುಗಿದೊಡನೆ ಆ ಕೆಳಪದರ ಕರಗಿ, ಮೇಲಿನ ಪದರದಿಂದ ಪ್ರತಿಫಲಿಸಿದ ತರಂಗಗಳು ನೂರಾರು ಮೈಲಿ ದೂರದಲ್ಲಿ ಬಂದಿಳಿದು ಅಲ್ಲಿಯ ಕೇಂದ್ರಗಳನ್ನು ಕಲಕುತ್ತವೆ. ಆದ್ದರಿಂದಲೇ ಅನೇಕ ಕೇಂದ್ರಗಳು ಸೂರ್ಯಾಸ್ತದ ವೇಳೆಗೆ ಬಲವನ್ನು ಇಳಿಸಬೇಕು, ಇಲ್ಲವೆ ಹಗಲಿನ ವಿನ್ಯಾಸವನ್ನು ಬಿಟ್ಟು ರಾತ್ರಿಯ ಇಕ್ಕಟ್ಟಾದ ವಿನ್ಯಾಸಕ್ಕೆ ಹೊರಳಬೇಕು ಎಂಬುದು ಕಟ್ಟಳೆ. ಹೊರಳಬೇಕಾದ ಗಳಿಗೆ ತಿಂಗಳು ತಿಂಗಳಿಗೂ ಲೈಸೆನ್ಸಿನಲ್ಲಿಯೇ ನಮೂದಾಗಿರುತ್ತದೆ. ಡಿಸೆಂಬರಿನಲ್ಲಿ ಓಹಾಯೋದ ಸೂರ್ಯನು ಸಂಜೆ ಐದೂಕಾಲರ ಸುಮಾರಿಗೆ ಅಸ್ತಮಿಸುವನಾದುದರಿಂದ, ಕೆಲಸ ಮುಗಿಸಿ ಮನೆಗೆ ಹೊರಟವನ ಕಾರಿನಲ್ಲಿ ಸುದ್ದಿಯೊಂದು ಅರ್ಧಕ್ಕೇ ಕ್ಷೀಣಿಸಿ, ಅದರ ಮೇಲೆ ಬೇರಾವುದೋ ದೂರದ ಕೇಂದ್ರದ ಮಾತು ತೇಲಿಬರುವುದು ಇಲ್ಲಿ ನಿತ್ಯದ ಅನುಭವ. ಇದು ನಿಸರ್ಗದ ನಿಯಮ. ಇದರ ವಿಷಯದಲ್ಲಿ ನನ್ನ ಆಕ್ಷೇಪಣೆಯಿಲ್ಲ.

ಆಕ್ಷೇಪಣೆಯಿರುವುದು ನೆಲದ ಬೆಲೆಯಿಂದಾಗಿ ಸಂಭವಿಸುವ ಮಾರ್ಪಾಟುಗಳ ವಿಷಯದಲ್ಲಿ. ಹಲವು ಗೋಪುರಗಳ ಕೇಂದ್ರಕ್ಕೆ ವಿಶಾಲವಾದ ಬಯಲು ಬೇಕು. ಪ್ರತಿಯೊಂದು ಗೋಪುರದ ಬುಡದಿಂದಲೂ ಚಕ್ರದ ಅರಗಳಂತೆ ಸಾಮಾನ್ಯವಾಗಿ 120 ತಾಮ್ರದ ತಂತಿಗಳನ್ನು ಭೂಮಿಯಲ್ಲಿ ಹೂತಿರುತ್ತಾರೆ. ಊರಾಚೆಯ ಜೌಗು ನೆಲವೆಂದು ಒಂದು ಕಾಲದಲ್ಲಿ ಅಗ್ಗವಾಗಿ ಕೊಂಡ ಆ ಬಯಲು, ನಗರ ಬೆಳೆದು ಸುತ್ತುವರಿದ ಮೇಲೆ, ಕೇಂದ್ರದ ಆದಾಯಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಬೆಲೆಯದಾಗುತ್ತದೆ. ವಾಷಿಂಗ್ಟನ್ನಿನ ಮಗ್ಗುಲಿನ ಬೆಥೆಸ್ಡಾದಲ್ಲಿ 1941ರಿಂದ ನಿಂತಿದ್ದ ಡಬ್ಲ್ಯೂ.ಎಂ.ಎ.ಎಲ್. ಕೇಂದ್ರದ ನಾಲ್ಕು ಗೋಪುರಗಳನ್ನು 2020ರ ನವೆಂಬರಿನಲ್ಲಿ ಉರುಳಿಸಿ, ಸುಮಾರು 75 ಎಕರೆ ನೆಲವನ್ನು ಮನೆಗಳ ನಿರ್ಮಾಣಕ್ಕೆ ತೆರವು ಮಾಡಿದ್ದು ತಮ್ಮ ಕಚೇರಿಯಿಂದ ಬಹು ದೂರದ ಮಾತಲ್ಲ. ಅದಕ್ಕೂ ಮುಂಚೆಯೇ ಕೇಂದ್ರವು ಬೇರೊಂದು ಕೇಂದ್ರದ ಗೋಪುರಗಳಲ್ಲಿ ಪಾಲುಗಾರನಾಗಿ ಹೋಗಿತ್ತು. ಆಸ್ತಿಯನ್ನು ಮಾರಬಾರದೆಂದು ಯಾರೂ ಹೇಳಲಾರರು. ಆದರೆ ಗೋಪುರಗಳ ಜಾಗ ಬದಲಾದರೆ ವಿನ್ಯಾಸ ಬದಲಾಗುತ್ತದೆ, ಬಲವೂ ಅನೇಕವೇಳೆ ಇಳಿಯುತ್ತದೆ.

ತರಂಗದ ಬಲದ ಲೆಕ್ಕವೂ ಸಾಮಾನ್ಯನ ಊಹೆಯಂತಿಲ್ಲ. ಕಿಲೋವಾಟುಗಳನ್ನು ಇಮ್ಮಡಿಸಿದರೆ ಕ್ಷೇತ್ರಬಲ ಹೆಚ್ಚುವುದು ಶೇಕಡಾ 41ರಷ್ಟು ಮಾತ್ರ, ನಾಲ್ಮಡಿಸಿದರೆ ಇಮ್ಮಡಿ. ಆದರೆ ವಿನ್ಯಾಸದಲ್ಲಿ ತಗ್ಗಿಸಿದ ದಿಕ್ಕಿನಲ್ಲಿ ಆ ಬಲ ಹತ್ತರಲ್ಲೊಂದು ಪಾಲಿಗೂ ಕೆಳಗಿಳಿಯಬಹುದು. ಅದನ್ನು ಕಿಲೋವಾಟುಗಳಿಂದ ತುಂಬಿಕೊಡಬೇಕಾದರೆ ನೂರು ಮಡಿ ಶಕ್ತಿ ಬೇಕು. ಇದರ ಮೇಲೆ ನೆಲದ ಗುಣವೂ ಸೇರಿಕೊಳ್ಳುತ್ತದೆ: ಮಧ್ಯ ಬಯಲುಸೀಮೆಯ ಕಪ್ಪು ಮಣ್ಣಿನ ಮೇಲೆ ದೂರ ಸಾಗುವ ತರಂಗವು ನ್ಯೂ ಇಂಗ್ಲೆಂಡಿನ ಕಲ್ಲುನೆಲದ ಮೇಲೆ ಬೇಗ ಸೊರಗುತ್ತದೆ. ಆದುದರಿಂದ ಕಾಗದದ ಮೇಲೆ ಸಣ್ಣದಾಗಿ ಕಾಣುವ ಮಾರ್ಪಾಟು ನೆಲದ ಮೇಲೆ ಹಲವು ಊರುಗಳನ್ನು ಮೌನಕ್ಕೆ ತಳ್ಳಬಲ್ಲುದು.

ತಮ್ಮ ಆಯೋಗ ಅರ್ಜಿಯನ್ನು ಪರೀಕ್ಷಿಸುವಾಗ ಮುಖ್ಯವಾಗಿ ನೋಡುವುದು ಎರಡು ಅಂಶಗಳನ್ನು: ಹೊಸ ವಿನ್ಯಾಸದಿಂದ ಬೇರೆ ಕೇಂದ್ರಗಳಿಗೆ ತೊಡಕಾಗುವುದೇ, ಮತ್ತು ಲೈಸೆನ್ಸಿನಲ್ಲಿ ಹೆಸರಿಸಿದ ಊರಿಗೆ ತಕ್ಕ ಬಲದ ತರಂಗ ತಲಪುವುದೇ. ಎ.ಎಂ. ಕೇಂದ್ರಗಳ ಪುನರುಜ್ಜೀವನಕ್ಕೆಂದು 2015ರಲ್ಲಿ ಹೊರಡಿಸಿದ ಆದೇಶದಲ್ಲಿ ಈ ಎರಡನೆಯ ನಿಯಮವನ್ನೂ ಸಡಿಲಿಸಲಾಯಿತು: ಈಗಾಗಲೇ ನಡೆಯುತ್ತಿರುವ ಕೇಂದ್ರವು ಹಗಲಿನಲ್ಲಿ ತನ್ನ ಊರಿನ ಜನಸಂಖ್ಯೆಯ ಇಲ್ಲವೆ ವಿಸ್ತೀರ್ಣದ ಅರ್ಧವನ್ನು ಮೀಟರಿಗೆ 5 ಮಿಲಿವೋಲ್ಟಿನ ಬಲದಿಂದ ಮುಟ್ಟಿದರೆ ಸಾಕು; ರಾತ್ರಿಯ ವ್ಯಾಪ್ತಿಯ ನಿಬಂಧನೆಯಂತೂ ಅಂಥ ಕೇಂದ್ರಗಳಿಗೆ ಇಲ್ಲವೇ ಇಲ್ಲವೆಂದಾಯಿತು. ಕಷ್ಟದಲ್ಲಿದ್ದ ಕೇಂದ್ರಗಳನ್ನು ಉಳಿಸುವ ಸದುದ್ದೇಶದ ಕ್ರಮವಿದು. ನೆಲವನ್ನು ಕಳೆದುಕೊಂಡ ಕೇಂದ್ರ ಪೂರ್ತಿ ಮುಚ್ಚಿಹೋಗುವುದಕ್ಕಿಂತ ಕುಗ್ಗಿಯಾದರೂ ಬದುಕಲಿ ಎಂಬ ವಾದವನ್ನು ನಾನು ಅಲ್ಲಗಳೆಯೆನು. ಅದೇ ಯೋಜನೆಯಡಿಯಲ್ಲಿ ದೊರೆತ ಎಫ್.ಎಂ. ಮರುಪ್ರಸಾರಕಗಳೂ ಉಪಕಾರವನ್ನೇ ಮಾಡಿವೆ. ಆದರೆ 250 ವಾಟು ಮೀರದ ಆ ಮರುಪ್ರಸಾರಕವು ನಗರದ ನಡುವಿನವರಿಗೆ ಒದಗೀತೇ ಹೊರತು, ಅಂಚಿನಲ್ಲಿದ್ದು ಕೇಂದ್ರವನ್ನು ಕಳೆದುಕೊಂಡವರಿಗೆ ಒದಗುವುದು ಅಪೂರ್ವ.

ನಾನಿರುವ ಉಪನಗರಕ್ಕೆ ನಿಚ್ಚಳವಾಗಿ ಕೇಳಿಸುತ್ತಿದ್ದ ಕೇಂದ್ರವೊಂದು ಹೀಗೆಯೇ ಗೋಪುರಗಳನ್ನು ಬದಲಿಸಿದಾಗ, ನಮ್ಮಲ್ಲಿ ಕೆಲವರು ರೇಡಿಯೋವೇ ಕೆಟ್ಟಿತೆಂದು ಹೊಸದನ್ನು ಕೊಂಡರು; ಕೆಲವರು ಕಾರ್ಯಕ್ರಮವೇ ನಿಂತಿತೆಂದು ಭಾವಿಸಿದರು. ವಿನ್ಯಾಸ ಬದಲಾದ ಸಂಗತಿ ನಮಗೆ ತಿಳಿಯುವ ಹೊತ್ತಿಗೆ ಮಂಜೂರಾತಿಯೂ ಆಗಿ, ಹಳೆಯ ಗೋಪುರಗಳೂ ನೆಲಕ್ಕೆ ಬಿದ್ದಿದ್ದುವು. ಆಯೋಗವು ತೀರ್ಮಾನಿಸುವ ಮುನ್ನ ಯಾವ ಅರ್ಜಿಯ ಮೇಲಾದರೂ ಯಾರು ಬೇಕಾದರೂ ಅನೌಪಚಾರಿಕ ಆಕ್ಷೇಪಣೆಯನ್ನು ಸಲ್ಲಿಸಲು ನಿಯಮದಲ್ಲಿ ಅವಕಾಶವಿದೆ, ನಿಜ. ಆದರೆ ಲೈಸೆನ್ಸಿನ ಊರನ್ನೇ ಬದಲಿಸುವ ಸಂದರ್ಭವನ್ನು ಬಿಟ್ಟರೆ, ಇಂಥ ಸಣ್ಣ ಮಾರ್ಪಾಟಿನ ಅರ್ಜಿಯನ್ನು ಕೇಂದ್ರವು ತನ್ನ ಪ್ರಸಾರದಲ್ಲಿ ಸಾರಬೇಕೆಂಬ ಕಟ್ಟಳೆಯಿಲ್ಲ. ಅರ್ಜಿಯಿರುವುದೇ ಗೊತ್ತಿಲ್ಲದವನಿಗೆ ಆಕ್ಷೇಪಣೆಯ ಹಕ್ಕಿನಿಂದ ಏನು ಪ್ರಯೋಜನ?

ಆದಕಾರಣ ತಮ್ಮಲ್ಲಿ ಮೂರು ಬಿನ್ನಹಗಳು. ಮೊದಲನೆಯದಾಗಿ, ಎ.ಎಂ. ಕೇಂದ್ರದ ಹಗಲಿನ ಅಥವಾ ಇರುಳಿನ ವಿನ್ಯಾಸವನ್ನು ಬದಲಿಸುವ ಪ್ರತಿಯೊಂದು ಅರ್ಜಿಯನ್ನೂ ಕೇಂದ್ರವು ತಾನು ಪ್ರಸಾರಮಾಡುವ ಭಾಷೆಗಳಲ್ಲಿಯೇ, ಜನರು ಹೆಚ್ಚಾಗಿ ಕೇಳುವ ವೇಳೆಯಲ್ಲಿ, ಮಂಜೂರಾತಿಗೆ ಸಾಕಷ್ಟು ಮುಂಚೆ ಸಾರತಕ್ಕದ್ದೆಂದು ವಿಧಿಸಬೇಕು. ಎರಡನೆಯದಾಗಿ, ಹಳೆಯ ಮತ್ತು ಹೊಸ ವ್ಯಾಪ್ತಿಗಳನ್ನು ಒಂದರ ಮೇಲೊಂದು ತೋರಿಸುವ, ಎಂಜಿನಿಯರಲ್ಲದವನೂ ಓದಬಲ್ಲ ನಕ್ಷೆಯೊಂದನ್ನು ಪ್ರಕಟಿಸಿ, ಸೇವೆಯನ್ನು ಕಳೆದುಕೊಳ್ಳುವ ಊರುಗಳನ್ನು ಅದರಲ್ಲಿ ಹೆಸರಿಸಬೇಕು. ತೊಡಕನ್ನು ಅಳೆಯಲು ಈಗಾಗಲೇ ತಯಾರಿಸುವ ಲೆಕ್ಕಗಳಿಂದಲೇ ಇದು ಸಾಧ್ಯವಾದುದರಿಂದ ಹೆಚ್ಚಿನ ಹೊರೆಯಿಲ್ಲ. ಮೂರನೆಯದಾಗಿ, ಮಂಜೂರಾತಿಯ ಆದೇಶದಲ್ಲಿ ಲಾಭದ ಜೊತೆಗೆ ನಷ್ಟವನ್ನೂ ತೂಗಿ ನೋಡಿದ್ದರ ಕಾರಣಸಹಿತವಾದ ಉಲ್ಲೇಖವಿರಬೇಕು.

ತಮ್ಮ ಆಯೋಗಕ್ಕೆ ಜನ್ಮವಿತ್ತ 1934ರ ಶಾಸನವು ಲೋಕಹಿತವನ್ನು ಪ್ರಸಾರದ ಅಳತೆಗೋಲಾಗಿ ಇಟ್ಟಿದೆ. ರಾಜ್ಯಗಳಿಗೂ ಊರುಗಳಿಗೂ ರೇಡಿಯೋ ಸೇವೆ ನ್ಯಾಯವಾಗಿ ಹಂಚಿಕೆಯಾಗಬೇಕೆಂದೂ ಹೇಳಿದೆ. ಹಂಚಿಕೆ ಬದಲಾಗುವಾಗ ಪಾಲು ಕಳೆದುಕೊಳ್ಳುವವನಿಗೆ ಮುನ್ಸೂಚನೆ ಕೊಡುವುದು ಆ ನ್ಯಾಯದ ಮೊದಲ ಅಂಗ. ಇದಕ್ಕೆ ಹೊಸ ಶಾಸನವೇನೂ ಬೇಕಾಗಿಲ್ಲ, ತಮ್ಮ ನಿಯಮಾವಳಿಗೆ ಒಂದು ತಿದ್ದುಪಡಿ ಸಾಕು. ಅದನ್ನು ತಮ್ಮ ಅಧಿಕಾರಾವಧಿಯಲ್ಲಿಯೇ ತರಬೇಕೆಂದು ಪ್ರಾರ್ಥಿಸುತ್ತೇನೆ. ಈ ಪತ್ರವನ್ನು ಓದುವ ಕನ್ನಡ ಬಾಂಧವರಲ್ಲಿಯೂ ಒಂದು ಮಾತು: ತಾವು ಕೇಳುವ ಕೇಂದ್ರದ ಅರ್ಜಿಗಳು ಆಯೋಗದ ಸಾರ್ವಜನಿಕ ದಾಖಲೆಗಳಲ್ಲಿ ಇರುತ್ತವೆ, ಅವನ್ನು ಆಗಾಗ ನೋಡುತ್ತಿರಿ, ಆಕ್ಷೇಪಣೆಯಿದ್ದರೆ ಮಂಜೂರಾತಿಗೆ ಮೊದಲೇ ಬರೆದು ಕಳುಹಿಸಿ.

ಇಂತು ವಿನಯಪೂರ್ವಕವಾಗಿ,
ಓಹಾಯೋದಲ್ಲಿ ನೆಲೆಸಿದ ಒಬ್ಬ ಕನ್ನಡಿಗ ಶ್ರೋತೃ