ದಫ್ತರವಿಲ್ಲದ ಉಗ್ರಾಣ

ಗಣಕಯಂತ್ರದ ಸಂಸ್ಥೆಯೊಂದು ಬೆಳೆಯಿತೆಂದರೆ ಅದು ಎಷ್ಟಕ್ಕೆ ಮಾರಾಟವಾಯಿತೆಂದೇ ನಾವು ಮೊದಲು ಕೇಳುತ್ತೇವೆ. ಗ್ಲಸ್ಟರ್ ಸಂಸ್ಥೆಯ ಮಟ್ಟಿಗೆ ಉತ್ತರ ಸುಲಭ: 2011ರಲ್ಲಿ ಅಮೆರಿಕದ ರೆಡ್ ಹ್ಯಾಟ್ ಸಂಸ್ಥೆಯು ಅದನ್ನು ಸುಮಾರು 13 ಕೋಟಿ 60 ಲಕ್ಷ ಡಾಲರುಗಳಿಗೆ ಕೊಂಡಿತು. ಆದರೆ ಬೆಲೆಗಿಂತಲೂ ಅದು ಬೆಳೆದ ಬಗೆಯೇ ಹೆಚ್ಚು ವಿಚಾರಾರ್ಹವೆಂದು ನನ್ನ ಅಭಿಪ್ರಾಯ.

ಬಿಡಿ ಗಣಕಗಳನ್ನು ತಂತಿಯಿಂದ ಹೆಣೆದು ಒಂದೇ ಯಂತ್ರದಂತೆ ದುಡಿಸುವ ಏರ್ಪಾಡಿಗೆ ಕ್ಲಸ್ಟರ್, ಅರ್ಥಾತ್ ಗೊಂಚಲು, ಎಂದು ಹೆಸರು. ಗ್ಲಸ್ಟರಿನ ಸ್ಥಾಪಕರಲ್ಲೊಬ್ಬರಾದ ಆನಂದ ಬಾಬು ಪೆರಿಯಸಾಮಿಯವರು ಅದಕ್ಕೆ ಮುನ್ನ ‘ಥಂಡರ್’ ಎಂಬ ಗೊಂಚಲನ್ನು ಕಟ್ಟುವುದರಲ್ಲಿ ದುಡಿದವರು. 4096 ಪ್ರೊಸೆಸರುಗಳ ಆ ಯಂತ್ರವು 2004ರ ಜೂನಿನಲ್ಲಿ ವೇಗದಲ್ಲಿ ಜಗತ್ತಿಗೇ ಎರಡನೆಯದೆನಿಸಿತು. 2005ರಲ್ಲಿ ಹುಟ್ಟಿದ ಗ್ಲಸ್ಟರ್ ಇದೇ ಉಪಾಯವನ್ನು ಕಡತಗಳ ಸಂಗ್ರಹಕ್ಕೆ ಅನ್ವಯಿಸಿತು. ಅದರ ತಾಂತ್ರಿಕ ಕೆಲಸದ ಬಹುಭಾಗ ನಡೆದುದು ನಮ್ಮ ಬೆಂಗಳೂರಿನಲ್ಲಿ.

ದೊಡ್ಡ ಉಗ್ರಾಣದಲ್ಲಿ ಯಾವ ಸರಕು ಎಲ್ಲಿದೆಯೆಂದು ದಫ್ತರದಲ್ಲಿ ಬರೆದಿಡುವುದು ವಾಡಿಕೆ. ದಫ್ತರ ಹಿಡಿದವನು ಹಾಸಿಗೆ ಹಿಡಿದರೆ ಉಗ್ರಾಣವೂ ಮಲಗಿದಂತೆಯೇ! ಗ್ಲಸ್ಟರಿನವರು ದಫ್ತರವನ್ನೇ ತೆಗೆದುಹಾಕಿದರು. ಕಡತದ ಹೆಸರನ್ನು ಒಂದು ಗೊತ್ತಾದ ಗಣಿತಕ್ಕೆ ಒಳಪಡಿಸಿದರೆ ದೊರೆಯುವ ಸಂಖ್ಯೆಯೇ ಅದು ಯಾವ ಯಂತ್ರದಲ್ಲಿದೆಯೆಂದು ಹೇಳುತ್ತದೆ. ಯಾರು ಲೆಕ್ಕ ಹಾಕಿದರೂ ಉತ್ತರ ಒಂದೇ. ಹೊಸ ಯಂತ್ರವನ್ನು ಸೇರಿಸಿದಾಗ ಹಲವು ಕಡತಗಳನ್ನು ಸ್ಥಳಾಂತರಿಸಬೇಕಾಗುತ್ತದೆಂಬುದು ಇದರ ತೊಡಕು.

ಆ ಸಾಫ್ಟ್‌ವೇರಿನ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಉತ್ಪನ್ನಕ್ಕೆ ನೀಡುತ್ತಿದ್ದ ಬೆಂಬಲ 2024ರ ಕೊನೆಗೆ ಮುಗಿಯಿತು. ಮೂಲಪಾಠವು ಮಾತ್ರ ಮುಕ್ತವಾಗಿಯೇ ಇದೆ. ಆದರೆ ಓದಬಲ್ಲವರಿಲ್ಲದೆ ಅದು ಎಷ್ಟು ಕಾಲ ಬಾಳೀತು? ಧವಲಾ ಟೀಕೆಯ ಓಲೆಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯಲ್ಲಷ್ಟೇ ಉಳಿದಿದ್ದುವು. ಅವನ್ನು ಓದಿ ನಕಲು ಮಾಡಬಲ್ಲ ವಿದ್ವಾಂಸರು ದೊರೆತ ಮೇಲಷ್ಟೇ, 1939ರಲ್ಲಿ, ಮೊದಲ ಸಂಪುಟ ಅಚ್ಚಾಯಿತು.

ಕ್ಲೌಡ್ ಎಂದು ನಾವು ಬಾಡಿಗೆಗೆ ಪಡೆಯುವುದೂ ಅನ್ಯರ ಕಟ್ಟಡದಲ್ಲಿರುವ ಇಂಥದೇ ಗೊಂಚಲು. ನಮ್ಮ ಕಾಲೇಜುಗಳು ಅದರ ಬಳಕೆಯನ್ನು ಕಲಿಸಿ ಸುಮ್ಮನಾಗುತ್ತವೆ. ಒಕ್ಕಲನ್ನು ತಯಾರಿಸುತ್ತವೆಯೇ ಹೊರತು ಮನೆ ಕಟ್ಟುವವನನ್ನಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮೂರು ಕಾಲೇಜುಗಳು ಮೂಲೆಗೆ ಸರಿಸಿದ ಒಂದೊಂದು ಗಣಕವನ್ನು ಇದಕ್ಕೆ ಮೀಸಲಿಡಲಿ. ದೂರದ ಊರುಗಳಲ್ಲಿ ಪ್ರತಿಗಳನ್ನಿರಿಸುವ ವ್ಯವಸ್ಥೆಯೂ ಗ್ಲಸ್ಟರಿನಲ್ಲಿದೆ. ಮಳೆಗಾಲದಲ್ಲಿ ಬೆಳ್ತಂಗಡಿಯ ವಿದ್ಯುತ್ತು ಹೋದಾಗ ಅಲ್ಲಿಯ ಕಡತ ಬಂಟ್ವಾಳದಲ್ಲಿ ಸಿಗುವುದೇ, ವಿದ್ಯುತ್ತು ಮರಳಿದ ಮೇಲೆ ಎರಡು ಪ್ರತಿಗಳು ತಾಳೆಯಾಗಲು ಎಷ್ಟು ಹೊತ್ತು ಹಿಡಿಯುವುದೆಂದು ವಿದ್ಯಾರ್ಥಿಗಳೇ ಗಡಿಯಾರ ಹಿಡಿದು ಅಳೆಯಲಿ.