ಬೋರ್ಡು ಬದಲಾದ್ರೆ ಸಾಲದು

2019ರಲ್ಲಿ ಹಳ್ಳಿ ಲೈಬ್ರರಿಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಬೋರ್ಡಲ್ಲಿ ‘ಅರಿವು ಕೇಂದ್ರ’. ಕಂಪ್ಯೂಟರ್ ಬಂತು, ಮೇಲ್ವಿಚಾರಕರಿಗೆ ತರಬೇತಿನೂ ಬಂತು. ಒಳ್ಳೇದೇ.

ಆದ್ರೆ ಕೇರಿಯ ಮಗು ಅಂಜದೆ ಆ ಹೊಸಿಲು ದಾಟೋ ಹಾಗೆ ಮಾಡೋದನ್ನ ಕಲಿಸೋರು ಯಾರು? ಮೌಸ್ ಹಿಡಿಯೋದು ಒಂದು ವಾರದ ಕೆಲಸ. ಜಾತಿ ಬಿಡೋದಕ್ಕೆ ಎಷ್ಟು ದಿನದ ತರಬೇತಿ ಸ್ವಾಮಿ?

ಶಾಲೇಲಿ ಗೋಣಿತಟ್ಟಿನ ಮೇಲೆ ಬೇರೆ ಕೂರಿಸಿದ್ದ ಹುಡುಗನೇ ಮುಂದೆ ಮುಂಬೈಯಲ್ಲಿ ಪುಸ್ತಕಗಳಿಗಾಗಿ ‘ರಾಜಗೃಹ’ ಕಟ್ಟಿದ್ದು. ಆ ಬಾಬಾಸಾಹೇಬರ ಸಂಪುಟಗಳು ನಿಮ್ಮೂರ ಲೈಬ್ರರಿ ಮೇಜಿನ ಮೇಲಿವೆಯೋ, ಬೀರುವಿನ ಬೀಗದೊಳಗಿವೆಯೋ?

ಮೇಲ್ವಿಚಾರಕರನ್ನ ಕೇರಿಗೆ ಕಳಿಸಿ, ಮನೆಮನೆಗೂ ಸದಸ್ಯತ್ವ ಮಾಡಿಸಿ. ಅದೇ ನಿಜವಾದ ತರಬೇತಿ. ಕೇರಿಯಿಂದ ಎಷ್ಟು ಸದಸ್ಯರಿದ್ದಾರೆ ಅಂತ ಮುಂದಿನ ಗ್ರಾಮಸಭೇಲಿ ಎದ್ದು ನಿಂತು ಕೇಳಿ. ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಸಿ.

ಜೈ ಭೀಮ್.