ಕೇಬಲ್ ಸವೆದರೆ ಹೆಡ್‌ಸೆಟ್ಟನ್ನೇ ಎಸೆಯಬೇಕೆ?

2016ರ ಮಾರ್ಚ್‌ನಲ್ಲಿ 599 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂದ ಆಕ್ಯುಲಸ್ ರಿಫ್ಟ್, ಮನೆಬಳಕೆಯ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್‌ಗಳ ಮೊದಲ ಪೀಳಿಗೆಗೆ ಸೇರಿದ್ದು. ಆ ಪೀಳಿಗೆಯ ಎಷ್ಟೋ ಸಾಧನಗಳ ಪರದೆ, ಲೆನ್ಸ್, ಸೆನ್ಸರ್‌ಗಳು ಇಂದಿಗೂ ಚೆನ್ನಾಗಿವೆ. ಅವು ಮೂಲೆ ಸೇರುತ್ತಿರುವುದು ತಲೆಗೂ ಕಂಪ್ಯೂಟರಿಗೂ ನಡುವಿನ ಕೆಲವೇ ಮೀಟರ್ ಉದ್ದದ ಕೇಬಲ್ ಸವೆದದ್ದರಿಂದ. ರಿಫ್ಟ್ ತಯಾರಿಸಿದ ಕಂಪನಿ ಅದರ ಕೇಬಲ್ ಮಾರುವುದನ್ನು ನಿಲ್ಲಿಸಿದೆ. ಹೆಡ್‌ಸೆಟ್ಟಿಗೆ ಸೇರುವ ತುದಿಯ ಕನೆಕ್ಟರ್ ಬೇರೆಲ್ಲೂ ಬಳಕೆಯಲ್ಲಿಲ್ಲದ ಕಾರಣ ಇನ್ನೊಂದನ್ನು ತಂದು ಹಾಕುವಂತೆಯೂ ಇಲ್ಲ. ಸವೆಯುವುದು ಖಚಿತವೆಂದು ಗೊತ್ತಿರುವ ಭಾಗವನ್ನು ತನ್ನ ಹಿಡಿತದಲ್ಲೇ ಇಟ್ಟುಕೊಳ್ಳುವ ತಯಾರಕ, ಸಾಧನ ಬಾಳುವಷ್ಟು ಕಾಲ ಅದನ್ನು ಒದಗಿಸಬೇಕು. ಆಗದಿದ್ದರೆ ಅದನ್ನು ತಯಾರಿಸುವ ವಿವರಗಳನ್ನು ಬಿಟ್ಟುಕೊಡಬೇಕು. ಇದನ್ನು ಕಂಪನಿಯ ಔದಾರ್ಯಕ್ಕೆ ಬಿಡದೆ ಕಾನೂನಿನ ಹೊಣೆಯಾಗಿಸಬೇಕು.

ಈ ಕೇಬಲ್ ಸವೆಯುವುದು ಬಳಸುವವರ ಅಜಾಗರೂಕತೆಯಿಂದ ಮಾತ್ರವಲ್ಲ. ಸೆಕೆಂಡಿಗೆ 90 ಚಿತ್ರಗಳನ್ನು ಎರಡು ಕಣ್ಣಿಗೂ ಮುಟ್ಟಿಸಲು ಅದರೊಳಗೆ ಕೂದಲಿನಂಥ ತಾಮ್ರದ ಎಳೆಗಳು ಜೋಡಿಜೋಡಿಯಾಗಿ ಹೆಣೆದುಕೊಂಡಿರುತ್ತವೆ. ಅವುಗಳ ಸುತ್ತ ತೆಳು ಲೋಹದ ಹೊದಿಕೆ ಇರುತ್ತದೆ. ತಲೆ ತಿರುಗಿದಾಗೆಲ್ಲ ಕೇಬಲ್ ಬಾಗುತ್ತದೆ, ಒಂದೇ ದಿಕ್ಕಿಗೆ ಸುತ್ತಿದರೆ ತಿರುಚಿಕೊಳ್ಳುತ್ತದೆ. ಆ ಒತ್ತಡವೆಲ್ಲ ಕನೆಕ್ಟರಿನ ಕತ್ತಿನ ಬಳಿ ಬಂದು ಸೇರುತ್ತದೆ. ಮೊದಲು ಚಿತ್ರದಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತವೆ, ಆಮೇಲೆ ಪರದೆ ಆಗಾಗ ಕಪ್ಪಾಗುತ್ತದೆ, ಕೊನೆಗೆ ಕಂಪ್ಯೂಟರ್ ಹೆಡ್‌ಸೆಟ್ಟನ್ನು ಗುರುತಿಸುವುದೇ ಇಲ್ಲ. ಕೇಬಲ್ಲನ್ನು ಬಿಗಿಯಾಗಿ ಸುತ್ತಿಡದೆ ಸಡಿಲ ಸುರುಳಿಯಾಗಿ ಇಟ್ಟರೆ, ಬಿದ್ದ ತಿರುಚನ್ನು ಆಗಾಗ ಬಿಡಿಸಿದರೆ, ಚಾವಣಿಗೆ ರಾಟೆ ಕಟ್ಟಿ ನೆಲದಿಂದ ಮೇಲೆತ್ತಿದರೆ ಅದರ ಆಯಸ್ಸು ಹೆಚ್ಚುತ್ತದೆ. ಚಿತ್ರ ಹೋದಾಗ ಎರಡೂ ತುದಿಗಳನ್ನು ಬಿಚ್ಚಿ ಮತ್ತೆ ಭದ್ರವಾಗಿ ಕೂರಿಸುವುದರಿಂದಲೂ ಕೆಲವೊಮ್ಮೆ ಕೆಲಸ ನಡೆಯುತ್ತದೆ. ಆದರೆ ಇವೆಲ್ಲ ಸವೆತವನ್ನು ಮುಂದೂಡುತ್ತವೆಯೇ ಹೊರತು ತಪ್ಪಿಸುವುದಿಲ್ಲ. ಸೈಕಲ್ಲಿಗೆ ಟಯರ್ ಹೇಗೋ ಹೆಡ್‌ಸೆಟ್ಟಿಗೆ ಕೇಬಲ್ ಹಾಗೆ.

ಇಷ್ಟು ವೇಗದ ದತ್ತಾಂಶಕ್ಕೆ ವಿಶೇಷ ಕನೆಕ್ಟರ್ ಬೇಕೇ ಬೇಕು ಎಂಬ ವಾದವಿದೆ. ರಿಫ್ಟ್ ಬಂದ ಮರು ತಿಂಗಳೇ, 2016ರ ಏಪ್ರಿಲ್‌ನಲ್ಲಿ ಬಂದ ಎಚ್‌ಟಿಸಿ ವೈವ್ ಈ ವಾದಕ್ಕೆ ಉತ್ತರ ಕೊಡುತ್ತದೆ. ಎರಡರ ಪರದೆಗಳ ಒಟ್ಟು ರೆಸಲ್ಯೂಶನ್ 2160×1200, ಎರಡರ ವೇಗವೂ 90 ಹರ್ಟ್ಸ್. ಆದರೆ ವೈವ್‌ನ ಮುಚ್ಚಳ ತೆಗೆದರೆ ಒಳಗೆ ಸಾಮಾನ್ಯ ಎಚ್‌ಡಿಎಂಐ, ಯುಎಸ್‌ಬಿ ಮತ್ತು ವಿದ್ಯುತ್ ಕಿಂಡಿಗಳೇ ಕಾಣುತ್ತವೆ. ಪ್ರತ್ಯೇಕ ಕನೆಕ್ಟರಿನಿಂದ ಹೆಡ್‌ಸೆಟ್ ತುಸು ಹಗುರವಾಗುತ್ತದೆ, ಚಿಕ್ಕದಾಗುತ್ತದೆ ಎಂಬುದನ್ನು ಒಪ್ಪೋಣ. ಮುಂದೆ ವೈವ್‌ನ ತಯಾರಕರೂ ಅದೇ ದಾರಿ ಹಿಡಿದರು. ಆದರೆ ಆ ಅನುಕೂಲದ ಜೊತೆಗೆ ಆ ಕೇಬಲ್ಲನ್ನು ಬಹುಕಾಲ ಪೂರೈಸುವ ಹೊಣೆಯೂ ಬರುತ್ತದೆ. ಉದ್ಯಮಕ್ಕೆ ಇದು ತಿಳಿಯದ ವಿಷಯವಲ್ಲ. 2018ರಲ್ಲಿ ಎನ್ವಿಡಿಯಾ, ಎಎಂಡಿ, ವಾಲ್ವ್, ಆಕ್ಯುಲಸ್ ಮತ್ತು ಮೈಕ್ರೋಸಾಫ್ಟ್ ಒಟ್ಟುಗೂಡಿ ವರ್ಚುವಲ್‌ಲಿಂಕ್ ಎಂಬ ಒಂದೇ ಯುಎಸ್‌ಬಿ–ಸಿ ಕೇಬಲಿನ ಮಾನದಂಡ ಘೋಷಿಸಿದವು. ಎನ್ವಿಡಿಯಾದ ಆರ್‌ಟಿಎಕ್ಸ್ 20 ಸರಣಿಯ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಆ ಕಿಂಡಿ ಬಂತು, 2020ರ ಮುಂದಿನ ಸರಣಿಯಲ್ಲಿ ಮಾಯವಾಯಿತು. ಸಮಾನ ಕೇಬಲ್ ಅಸಾಧ್ಯವಾಗಿರಲಿಲ್ಲ, ಅದನ್ನು ಉಳಿಸಿಕೊಳ್ಳಲೇಬೇಕೆಂಬ ಒತ್ತಡ ಯಾರ ಮೇಲೂ ಇರಲಿಲ್ಲ.

ಹತ್ತು ವರ್ಷ ಹಳೆಯ ಯಂತ್ರಕ್ಕೆ ಸಾಫ್ಟ್‌ವೇರ್ ಬೆಂಬಲವೇ ಇಲ್ಲದಿರುವಾಗ ಕೇಬಲ್ ಏಕೆ ಎಂಬುದು ಎರಡನೆಯ ಆಕ್ಷೇಪ. 2020ರಲ್ಲಿ ಬಂದ ಎಚ್‌ಪಿ ರಿವರ್ಬ್ ಜಿ2ನ ಕತೆ ಇಲ್ಲಿ ಗಮನಾರ್ಹ. ಕೆಲವು ಎಎಂಡಿ ಕಂಪ್ಯೂಟರುಗಳೊಂದಿಗೆ ಅದು ಹೊಂದದಿದ್ದಾಗ ಕಂಪನಿ ಸುಧಾರಿತ ಕೇಬಲ್ ಹೊರತಂದಿತು. ಕೇಬಲ್ ಒಂದನ್ನೇ ಬದಲಿಸಿ ಸಾಧನವನ್ನು ಸರಿಪಡಿಸಬಹುದೆಂದು ಹಾಗೆ ತಯಾರಕರೇ ತೋರಿಸಿಕೊಟ್ಟರು. 2024ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಜಿ2ನಂಥ ಹೆಡ್‌ಸೆಟ್‌ಗಳನ್ನು ನಡೆಸುತ್ತಿದ್ದ ಮಿಕ್ಸೆಡ್ ರಿಯಾಲಿಟಿ ಸಾಫ್ಟ್‌ವೇರನ್ನು ತೆಗೆದುಹಾಕಿದಾಗ ಈ ಹೆಡ್‌ಸೆಟ್‌ಗಳ ಕತೆ ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದರು. 2025ರಲ್ಲಿ ಓಯಸಿಸ್ ಎಂಬ ಉಚಿತ ಡ್ರೈವರ್ ಬಂದು ಅವುಗಳಲ್ಲಿ ಹಲವಕ್ಕೆ ಮರುಜೀವ ಕೊಟ್ಟಿತು. ಸಾಫ್ಟ್‌ವೇರಿನ ಕೊರತೆಯನ್ನು ಆಸಕ್ತರು ತಾವೇ ತುಂಬಬಲ್ಲರು. ನಕ್ಷೆಯೇ ಇಲ್ಲದ ಕನೆಕ್ಟರನ್ನು ಅವರು ಮನೆಯಲ್ಲಿ ಎರಕ ಹೊಯ್ಯಲಾರರು. ಹೀಗಾಗಿ ಸಾಫ್ಟ್‌ವೇರ್ ಬೆಂಬಲ ನಿಂತ ಮೇಲೆ ಕೇಬಲ್ ಸಿಗುವುದು ಇನ್ನೂ ಮುಖ್ಯವಾಗುತ್ತದೆ.

ಕೇಬಲ್ಲೇ ಇಲ್ಲದ ಹೆಡ್‌ಸೆಟ್‌ಗಳು ಬಂದಿರುವುದರಿಂದ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ ಎನ್ನುವವರೂ ಇದ್ದಾರೆ. ವೈರ್‌ಲೆಸ್ ಸಾಧನದಲ್ಲಿ ಕೇಬಲಿನ ಜಾಗಕ್ಕೆ ಬ್ಯಾಟರಿ ಬರುತ್ತದೆ, ಅದೂ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಸವೆಯುವ ಭಾಗ ಬದಲಾದರೂ ಪ್ರಶ್ನೆ ಅಲ್ಲೇ ಉಳಿಯುತ್ತದೆ. ಹಳೆಯ ಮಾದರಿಗೆ ಬಿಡಿಭಾಗ ಪೂರೈಸುವುದು ಚಿಕ್ಕ ಮಾರುಕಟ್ಟೆಯಲ್ಲಿ ನಷ್ಟದ ಬಾಬತ್ತು ಎಂಬ ಮಾತಿನಲ್ಲಿ ಮಾತ್ರ ನಿಜಾಂಶವಿದೆ. ಅದಕ್ಕೂ ದಾರಿಯಿದೆ. 2022ರಲ್ಲಿ ವಾಲ್ವ್ ಕಂಪನಿ ತನ್ನ ಇಂಡೆಕ್ಸ್ ಹೆಡ್‌ಸೆಟ್ಟಿನ ಬಿಡಿಭಾಗಗಳ ಮಾರಾಟಕ್ಕೆ ಐಫಿಕ್ಸಿಟ್ ಸಂಸ್ಥೆಯೊಂದಿಗೆ ಕೈಜೋಡಿಸಿತು. ಅದೂ ಕಷ್ಟವೆನಿಸಿದ ದಿನ ಕನೆಕ್ಟರಿನ ಅಳತೆ ಮತ್ತು ಯಾವ ಪಿನ್ನಿಗೆ ಯಾವ ವೈರು ಎಂಬ ವಿವರವನ್ನು ಪ್ರಕಟಿಸಿದರೆ ಸಾಕು, ಉಳಿದದ್ದನ್ನು ಬೇರೆ ತಯಾರಕರು ನೋಡಿಕೊಳ್ಳುತ್ತಾರೆ. ಹೊರಗಿನವರ ಕೇಬಲ್ ಅಪಾಯಕಾರಿ ಎಂಬ ಭಯಕ್ಕೂ ಇದೇ ಮದ್ದು, ಏಕೆಂದರೆ ಸರಿಯಾದ ನಕ್ಷೆ ಸಿಗದಿದ್ದಾಗಲೇ ಜನ ಅಂದಾಜಿನ ಮೇಲೆ ಬೆಸುಗೆ ಹಾಕುವುದು.

ಕಾನೂನು ಈ ದಿಕ್ಕಿನಲ್ಲಿ ಈಗಾಗಲೇ ಹೆಜ್ಜೆಯಿಟ್ಟಿದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್‌ಗಳ ಮುಖ್ಯ ಬಿಡಿಭಾಗಗಳು ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಸಿಗಬೇಕು. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿಗಾಗಿ ಸಮಿತಿ ರಚಿಸಿ ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯಗಳನ್ನು ಗುರುತಿಸಿತು. ದುರಸ್ತಿ ಎಷ್ಟು ಸುಲಭವೆಂದು ತಿಳಿಸುವ ಸೂಚ್ಯಂಕದ ವರದಿಯೂ 2025ರಲ್ಲಿ ಸಲ್ಲಿಕೆಯಾಗಿದೆ. ತಲೆಗೆ ಧರಿಸುವ ಸಾಧನಗಳನ್ನೂ ಈ ಚೌಕಟ್ಟಿಗೆ ತರಬೇಕು, ಸವೆಯುವ ಭಾಗ ಯಾವುದು ಮತ್ತು ಅದು ಎಷ್ಟು ವರ್ಷ ಸಿಗುತ್ತದೆ ಎಂಬುದನ್ನು ಡಬ್ಬದ ಮೇಲೇ ಮುದ್ರಿಸಬೇಕು. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ–ತ್ಯಾಜ್ಯ ಹೊರಹಾಕಿತು, ಅದರಲ್ಲಿ ಸಂಗ್ರಹವಾಗಿ ಮರುಬಳಕೆಯಾದದ್ದು ಶೇ 22.3ರಷ್ಟು ಮಾತ್ರ ಎನ್ನುತ್ತದೆ ವಿಶ್ವಸಂಸ್ಥೆಯ ವರದಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬೆಸುಗೆ ಹಾಕುವ ಪಳಗಿದ ಕೈಗಳಿಗೆ ಬರವಿಲ್ಲ. ಅವರಿಗೆ ಬೇಕಾದದ್ದು ಒಂದು ಬಿಡಿಭಾಗ, ಇಲ್ಲವೇ ಅದರ ನಕ್ಷೆ. ಅದನ್ನು ಕೊಡುವಂತೆ ತಯಾರಕರನ್ನು ಕಟ್ಟಿಹಾಕುವ ಕೆಲಸವನ್ನು ಸರ್ಕಾರ ಇನ್ನೂ ತಡಮಾಡಬಾರದು.